ವಾರ ಬಿಟ್ಟು ವಾರದ ಸ್ಕೂಟರ್

ಅಯ್ಯೋ, ಕಲ್ಲು ಕಣೋ, ಕಲ್ಲು! ಎಷ್ಟು ಸಲ ಹೇಳ್ಲಿ? ಹಿಮದ ಕೆಳಗೆ ಕಲ್ಲಿತ್ತು. ನನಗೆ ಕಾಣ್ಲಿಲ್ಲ. ಸ್ಕೂಟರಿನ ಹಳಿಗೆ ತಗುಲ್ತು, ಹಳಿ ಬಾಗ್ತು. ಮುಗೀತಪ್ಪ ಕಥೆ! ಅದಕ್ಕೆ ಹಾಗೆ ಟಾರ್ಚ್ ಹಿಡ್ಕೊಂಡು, ಹಲ್ಲಿನ ಡಾಕ್ಟ್ರು ದವಡೆ ಹುಡುಕೋ ಥರ ಇಣುಕಿ ಇಣುಕಿ ನೋಡ್ಬೇಕಾ? ಏಳು ಮೇಲೆ. ಪ್ಯಾಂಟ್ ಹಾಳಾಗತ್ತೆ. ನಮ್ಮ ಸ್ಕೂಟರಿಗೆ ಜಾಗ ಕೊಟ್ಟಿರೋ ಬೆರ್ಟಿಲ್ ತಾತನ ಗ್ಯಾರೇಜು ಇದು, ನೆಲದ ಮೇಲೆ ಏನೇನು ಚೆಲ್ಲಿದೆ ಅಂತ ಅವರಿಗೇ ಗೊತ್ತಿಲ್ಲ.

ಕಾಫಿ ಕುಡಿ. ಫ್ಲಾಸ್ಕಲ್ಲಿದೆ. ಫಿಲ್ಟರ್ ಕಾಫಿನೇ, ನಾನೇ ಹಾಕಿದ್ದು... ಏನು ಹುಬ್ಬು ಏರಿಸ್ತಿದೀಯ? ಮಾಜಿ ಗಂಡನಿಗೆ ಕಾಫಿ ಕೊಡಬಾರದು ಅಂತ ಕೋರ್ಟಲ್ಲಿ ಬರ್ಕೊಟ್ಟಿದೀವಾ? ಕುಡಿ ಸುಮ್ನೆ. ಸ್ಟಾಕ್‌ಹೋಮಿಂದ ರಾತ್ರಿ ಟ್ರೈನಲ್ಲಿ ಕೂತು ಬಂದಿದೀಯ, ಮುಖ ನೋಡಿದ್ರೆ ಯಾರೋ ಹಿಂಡಿ ಒಣಗಾಕಿದ ಹಾಗಿದೆ.

ಹಾಂ, ಈಗ ವಿಷಯಕ್ಕೆ ಬಾ. ಪೇಟೆ ಅಂಗಡಿ ಶನಿವಾರ ಬೇಗ ಬಾಗಿಲು ಹಾಕತ್ತೆ. ಅಷ್ಟರೊಳಗೆ ನಾವಿಬ್ರೂ ಕೂತು ತೀರ್ಮಾನ ಮಾಡ್ಬೇಕು. ಹೊಸ ಹಳಿ ಉದ್ದದ್ದಾ, ಗಿಡ್ಡದ್ದಾ? ಇಷ್ಟೇ ಪ್ರಶ್ನೆ. ಮದುವೆ ಆಗೋ ತೀರ್ಮಾನ ತಗೊಂಡಿದ್ದು ಎಷ್ಟು ಹೊತ್ತಲ್ಲಿ ನೆನಪಿದೆಯಾ? ಮೈಸೂರಲ್ಲಿ, ಕಾಲೇಜ್ ಕ್ಯಾಂಟೀನಲ್ಲಿ, ಎರಡನೇ ದೋಸೆ ಬರೋದ್ರೊಳಗೆ. ಬಿಡೋ ತೀರ್ಮಾನಕ್ಕೆ ಅಷ್ಟೂ ಹೊತ್ತು ಹಿಡೀಲಿಲ್ಲ. ಎರಡು ಅಲ್ಯೂಮಿನಿಯಂ ತುಂಡಿಗೆ ಮಾತ್ರ ಬೆಳಗ್ಗೆಯಿಂದ ಪಂಚಾಯ್ತಿ ಮಾಡ್ತಿದೀವಿ! ಅಂದ್ರೆ ನಾನು ಮಾಡ್ತಿದೀನಿ. ನೀನು ಟಾರ್ಚ್ ಬಿಡ್ತಿದೀಯ.

ಏನಾದ್ರೂ ಉಸಿರು ಬಿಡಪ್ಪಾ! ಇದೇ ನೋಡು ನಿನ್ನ ರೋಗ. ಯುಗಾದಿಗೆ ಕನ್ನಡ ಕೂಟದಲ್ಲಿ ಆಟ ಆಡ್ಸಿದ್ರಲ್ಲ, ಹೆಂಡತಿಗೆ ಇಷ್ಟದ ಬಣ್ಣ ಯಾವುದು, ಗಂಡನ ಶೂ ಸೈಜ್ ಎಷ್ಟು ಅಂತ. ಫಸ್ಟ್ ಪ್ರೈಜ್ ನಮಗೇ! ಯಾಕೆ? ಎರಡೂ ಕಡೆ ಉತ್ತರ ನಾನೇ ಹೇಳಿದ್ದು. ಮೈಕಲ್ಲಿ ಆ ವೆಂಕಟರಮಣ ಅವರು ಕೂಗಿದ್ರು, "ಹೆಸರಲ್ಲೇ ಆದರ್ಶ! ಇವರೇ ಈ ವರ್ಷದ ಆದರ್ಶ ದಂಪತಿ!" ಬಹುಮಾನ ಪ್ರೆಶರ್ ಕುಕ್ಕರ್. ನಾವು ಬಿಟ್ಟಾಗ ಕುಕ್ಕರಿಗೆ ಇನ್ನೂ ಗ್ಯಾರಂಟಿ ಇತ್ತು ಕಣೋ... ಹಾ, ನಕ್ಕೆ! ನಕ್ಕೆ, ನಾನು ನೋಡ್ದೆ. ಕಾಫಿ ಲೋಟದ ಹಿಂದೆ ಮುಚ್ಕೋಬೇಡ.

ಕುಕ್ಕರ್ ನೀನು ತಗೊಂಡೆ, ಮಿಕ್ಸಿ ನಾನು ತಗೊಂಡೆ. ಸೋಫಾ ನಿನಗೆ, ಊಟದ ಟೇಬಲ್ ನನಗೆ. ನೀನು ಸ್ಟಾಕ್‌ಹೋಮಿನ ಕಿಸ್ಟಾಕ್ಕೆ ವಾಪಸ್, ನಾನು ಇಲ್ಲೇ ಬೆಟ್ಟದ ಸೀಮೇಲಿ. ಎಲ್ಲಾ ಎಷ್ಟು ಚೆನ್ನಾಗಿ ಹಂಚ್ಕೊಂಡ್ವಿ! ನಮ್ಮ ಜಗಳ ನೋಡೋಕೆ ಅಂತ ಬಂದ ನನ್ನ ಫ್ರೆಂಡ್ ಶಾಝಿಯಾ ಬೇಜಾರಾಗಿ ಹೋಗ್ಬಿಟ್ಲು. ಈ ಸ್ಕೂಟರ್ ಹತ್ರ ಬಂದಾಗ ಮಾತ್ರ ಇಬ್ರೂ ಕಾಲು ಊರಿ ನಿಂತ್ವಿ ನೋಡು. ನೀನೂ ಬಿಡಲ್ಲ, ನಾನೂ ಬಿಡಲ್ಲ. ಆಗ ಆ ಐಡಿಯಾ ಕೊಟ್ಟೋಳು ಯಾರು? ನಾನೇ. ಇಲ್ಲಿಯವರು ಡೈವೋರ್ಸ್ ಆದ್ಮೇಲೆ ಮಕ್ಕಳನ್ನ ಹಂಚ್ಕೊಳ್ತಾರಲ್ಲ, ವಾರಾನ್ನಾನ್ ವೆಕ್ಕಾ, ಒಂದು ವಾರ ಅಮ್ಮನ ಹತ್ರ, ಒಂದು ವಾರ ಅಪ್ಪನ ಹತ್ರ. ಹಾಗೇ ಇದು. ಒಂದು ವಾರ ನಂದು, ಒಂದು ವಾರ ನಿಂದು. ಆಫೀಸಲ್ಲಿ ಫೀಕಾ, ಅದೇ ಕಾಫಿ ಬಿಡುವಿನ ಹೊತ್ತಲ್ಲಿ ನಾನು "ಇದು ನನ್ನ ವಾರ" ಅಂತ ಅಂದಾಗಲೆಲ್ಲ ಒಬ್ಬಳು ಮುಖ ಅಯ್ಯೋ ಪಾಪ ಅನ್ನೋ ಥರ ಮಾಡ್ಕೊಂಡು ಕೇಳ್ತಿದ್ಲು, "ಮಗು ಎಷ್ಟು ದೊಡ್ಡದು?" ಅಂತ. ನೂರಾ ಐವತ್ನಾಲ್ಕು ಇಂಚು ಅಂದೆ, ಗಾಡಿ ಬೆಲ್ಟಿನ ಅಳತೆ. ಅವತ್ತಿಂದ ನನ್ನ ಪಕ್ಕ ಕೂರಲ್ಲ.

ನಿಮ್ಮಮ್ಮಂಗೂ ನಾನೇ ತಾನೇ ಅರ್ಥ ಮಾಡ್ಸಿದ್ದು? ನೀನು ವೀಡಿಯೊ ಕಾಲಲ್ಲಿ "ಅಮ್ಮಾ, ಸ್ಕೂಟರ್ ತಗೊಂಡ್ವಿ" ಅಂದ್ಬಿಟ್ಟು ಸುಮ್ನಾದೆ. ಅವರು ಅಲ್ಲಿಂದ, "ಆ ಚಳೀಲಿ ಯಾಕೋ ಸ್ಕೂಟರು, ಕಿವಿಗೆ ಮಫ್ಲರ್ ಸುತ್ಕೋ, ಹಿಂದೆ ಕಾಂಚನಾ ಸೀರೆ ಉಟ್ಕೊಂಡು ಕೂತ್ರೆ ಸೆರಗು ಹುಷಾರು!" ಇಲ್ಲಿಯವರು ಇದನ್ನ ಸ್ಕೂಟರ್ ಅಂತಾರೆ ಅತ್ತೆ, ಆದ್ರೆ ಚಕ್ರ ಇಲ್ಲ, ಮುಂದೆ ಎರಡು ಜಾರುಹಲಗೆ, ಹಿಂದೆ ಯುದ್ಧದ ಟ್ಯಾಂಕಿಗೆ ಇರತ್ತಲ್ಲ ಹಾಗೆ ರಬ್ಬರಿನ ಅಗಲವಾದ ಬೆಲ್ಟು, ಆ ಬೆಲ್ಟಿನೊಳಗೆ ಉದ್ದಕ್ಕೆ ಎರಡು ಹಳಿ, ಬೆಲ್ಟು ಆ ಹಳಿ ಮೇಲೆ ಜಾರ್ಕೊಂಡು ತಿರುಗತ್ತೆ, ಗಾಡಿ ಹಿಮದ ಮೇಲೆ ಹೋಗತ್ತೆ ಅಂತ ನಾನು ಚಪಾತಿ ಹಿಟ್ಟಲ್ಲಿ ಮಾಡಿ ತೋರಿಸ್ದೆ. ಅವರು ಎಲ್ಲಾ ಕೇಳಿ, "ಬೆಲ್ಟು ಕಳಚ್ಕೊಂಡ್ರೆ?" ಅಂದ್ರು. ಬೇರೆ ಯಾರೂ ಕೇಳದ ಸರಿಯಾದ ಪ್ರಶ್ನೆ. ನಿಮ್ಮಮ್ಮನ್ನ ನಾನು ಇನ್ನೂ ಭಾನುವಾರ ಭಾನುವಾರ ಮಾತಾಡಿಸ್ತೀನಿ, ಗೊತ್ತಾ? ಗೊತ್ತು. ಸರಿ.

ಈಗ ಹಳಿ.

ಅಂಗಡಿಯವನು ಮೂರು ಜೊತೆ ತೋರಿಸ್ದ. ನಿನ್ನ ಕಣ್ಣು ಯಾವುದರ ಮೇಲೆ ಅಂತ ನನಗೆ ಗೊತ್ತು. ಈಗಿರೋ ಅಳತೇದೇ, ಆದ್ರೆ ದಪ್ಪ, ಪಕ್ಕಕ್ಕೆ ಪಟ್ಟಿ ಕೊಟ್ಟು ಗಟ್ಟಿ ಮಾಡಿರೋದು. ಆನೆ ಕೂತ್ರೂ ಬಾಗಲ್ಲ. ನಿನ್ನ ಹಾಗೇ. ಬಾಗಲ್ಲ, ತೂಕ ಜಾಸ್ತಿ, ಬೆಟ್ಟ ಹತ್ತು ಅಂದ್ರೆ ಕುತ್ತಿಗೆಯಷ್ಟು ಹಿಮದಲ್ಲಿ ಹೂತುಹೋಗತ್ತೆ. ಕೇಳು, ನಾನು ದಿನಾ ಆಫೀಸಲ್ಲಿ ಮಾಡೋ ಕೆಲಸ ಏನು? ಲೋಹ ಎಲ್ಲಿ ಬಾಗತ್ತೆ, ಎಲ್ಲಿ ಮುರಿಯತ್ತೆ ಅಂತ ಹೇಳೋದು. ಅದಕ್ಕೇ ಸಂಬಳ ಕೊಡ್ತಾರೆ. ಪುಡಿಹಿಮದಲ್ಲಿ ಗಟ್ಟಿತನ ಯಾವ ಉಪಯೋಗಕ್ಕೂ ಬರಲ್ಲ. ಅಲ್ಲಿ ನೆಲ ಅನ್ನೋದೇ ಇಲ್ಲ, ರವೆ ಮೂಟೆ ಮೇಲೆ ನಡೆದ ಹಾಗೆ. ಅಲ್ಲಿ ಬೇಕಾಗಿರೋದು ತೇಲೋದು! ತೇಲಬೇಕು ಅಂದ್ರೆ ಹಳಿ ಉದ್ದ ಇರಬೇಕು, ಬೆಲ್ಟು ಉದ್ದ ಇರಬೇಕು, ತೂಕ ಹರಡಬೇಕು. ನೂರಾ ಎಪ್ಪತ್ನಾಲ್ಕು ಇಂಚು. ಹಗುರ. ಮಧ್ಯೆ ಮಧ್ಯೆ ತೂತು ಕೊರ್ದಿರೋದು, ಹಿಮ ಒಳಗೆ ಕಟ್ಕೊಳ್ಳದೆ ಉದುರಿಹೋಗತ್ತೆ. ಹಿಂದಿನ ತುದಿ ಸ್ವಲ್ಪ ಮೇಲಕ್ಕೆ ತಿರುಗಿರತ್ತೆ, ರಿವರ್ಸ್ ಹಾಕಿದ್ರೂ ಅಗೆಯಲ್ಲ.

ಹೌದು, ಬೆಲ್ಟೂ ಬದಲಾಯಿಸ್ಬೇಕು. ಹೌದು, ತಿರುಗಿಸೋಕೆ ಕಷ್ಟ, ಮರಗಳ ಮಧ್ಯೆ ಕೆಎಸ್ಆರ್‌ಟಿಸಿ ಬಸ್ಸು ತಿರುಗಿಸಿದ ಹಾಗೆ ಆಗತ್ತೆ. ಅದನ್ನೇ ತಾನೆ ನೀನು ಹೇಳ್ಬೇಕು ಅಂತಿರೋದು? ನಿನ್ನ ಪಾಲಿನ ಮಾತೂ ನಾನೇ ಆಡ್ತೀನಿ ಬಿಡು, ಅಭ್ಯಾಸ ಇದೆ.

ಇನ್ನೊಂದು ಕೇಳು, ಇದು ಕೇಳಿದ್ರೆ ಬಿದ್ದು ಬಿದ್ದು ನಗ್ತೀಯ. ಆ ಸಸ್ಪೆನ್ಷನ್ನಲ್ಲಿ ಎರಡು ಥರ ಇದೆಯಂತೆ. ಹಿಂದಿನ ತೋಳು, ಮುಂದಿನ ತೋಳು, ಎರಡನ್ನೂ ಒಂದಕ್ಕೊಂದು ಕಟ್ಟಿ ಹಾಕಿದ್ರೆ ಅದಕ್ಕೆ ಕಪಲ್ಡ್ ಅಂತ. ಬಿಟ್ಟುಬಿಟ್ರೆ ಅನ್‌ಕಪಲ್ಡ್. ಅಂಗಡಿಯವನು ನನ್ನ ಮುಖ ನೋಡಿ ಕೇಳ್ದ, "ನೀವು ಈಗ ಯಾವುದು?" ಅಂತ. ನಾನು, "ಒಂದೂವರೆ ವರ್ಷದಿಂದ ಅನ್‌ಕಪಲ್ಡ್" ಅಂದೆ! ಅವನಿಗೆ ಅರ್ಥ ಆಗ್ಲಿಲ್ಲ. ಪಾಪ, ಎರಡನೇ ಸಲ ಬಿಡಿಸಿ ಹೇಳ್ದ, ಬಿಟ್ಟುಬಿಟ್ರೆ ಗಾಡಿ ಮೂತಿ ಹಗುರ ಆಗತ್ತೆ, ಥ್ರಾಟಲ್ ಕೊಟ್ಟ ತಕ್ಷಣ ಎದ್ದು ನಿಲ್ಲತ್ತೆ, ಕೆಲವರಿಗೆ ಅದೇ ಇಷ್ಟ ಅಂತ. ಇಷ್ಟ ಏನು ಬಂತು! ಕಡಿದಾದ ಇಳಿಜಾರಲ್ಲಿ, ಕೆಳಗೆ ಬೆಲ್ಟು ಹಿಮ ಅಗೀತಾ ಇದೆ, ಮೂತಿ ಹೀಗೆ ಆಕಾಶಕ್ಕೆ ಏಳತ್ತೆ, ಕಣ್ಮುಂದೆ ಬರೀ ಗಾಡಿ ಹೊಟ್ಟೆ, ಆಗ ಕೈ ಬಿಡಬೇಕಾ, ಗಟ್ಟಿ ಹಿಡೀಬೇಕಾ ಅಂತ ಯೋಚನೆ ಮಾಡೋಕೂ ಟೈಮಿಲ್ಲ, ಅಷ್ಟರಲ್ಲಿ ಅದು ಹಿಂದಕ್ಕೆ...

ಯೂಟ್ಯೂಬಲ್ಲಿ. ಯೂಟ್ಯೂಬಲ್ಲಿ ನೋಡಿದ್ದು.

ಯಾಕೆ ಹಾಗೆ ನೋಡ್ತೀಯ? ನಾರ್ವೆಯವನೊಬ್ಬ ಹಾಕಿದಾನೆ. ಲಿಂಕ್ ಕಳಿಸ್ತೀನಿ ಬೇಕಾದ್ರೆ.

ಕಾಫಿ ಇನ್ನೂ ಇದೆ, ಹಾಕ್ಲಾ? ...ಬೇಡ್ವಾ. ಸರಿ.

ಮತ್ತೆ ಯಾಕೋ ಕೆಳಗೆ ಕೂತೆ? ಅಲ್ಲಿ ಏನಿದೆ ಹಿಂದುಗಡೆ? ಹೌದು, ಹಳಿಯ ಹಿಂದಿನ ತುದಿ ಬಾಗಿರೋದು. ಮುಂದಿನ ತುದಿ ಅಲ್ಲ. ಅದಕ್ಕೇನೀಗ? ಕಲ್ಲು ಹಿಂದೆ ತಗುಲಬಾರದು ಅಂತ ರೂಲ್ಸ್ ಇದೆಯಾ? ಮುಂದಿನ ಭಾಗ ದಾಟ್ತು, ಹಿಂದಿನ ಭಾಗಕ್ಕೆ ತಗುಲ್ತು. ಅದೃಷ್ಟ. ...ಸರಿ, ಕಲ್ಲು ಅಂದ್ರೆ ಕಲ್ಲೇ ಅಂತ ಅಲ್ಲ. ಮರದ ಬೊಡ್ಡೆ ಇರಬಹುದು. ಕಡಿದ ಮರ. ಹಿಮ ಮುಚ್ಚಿರತ್ತೆ, ನಾನೇನು ಕೆಳಗೆ ಇಳಿದು ಅದರ ಆಧಾರ್ ಕಾರ್ಡ್ ನೋಡಿದ್ನಾ? ಏನೋ ಒಂದು ಗಟ್ಟಿಯಾಗಿತ್ತು, ಢಬ್ ಅಂತು. ರಿವರ್ಸ್ ತಗೊಳ್ತಿದ್ದೆ. ಹಾಂ, ರಿವರ್ಸ್! ಅದನ್ನ ಹೇಳೋಕೆ ಮರೆತೆ ನೋಡು. ರಿವರ್ಸಲ್ಲಿ ಬೊಡ್ಡೆಗೆ ಹೊಡೆದೆ. ಹಿಂದಿನ ತುದಿ ಬಾಗದೆ ಇನ್ನೇನು ಆಗತ್ತೆ? ನಗಬೇಕು ಅಂದ್ರೆ ನಗು, ಹೆಂಗಸರು ರಿವರ್ಸ್ ತಗೊಳ್ಳೋದು ಅಂತ ನಿಮ್ಮ ಗಂಡಸರ ವಾಟ್ಸಾಪ್ ಗ್ರೂಪಿಗೆ ಹಾಕು, ನಿನ್ನ ಫ್ರೆಂಡ್ ಅಭಯ್ ಒಬ್ಬನೇ ಹತ್ತು ಸ್ಮೈಲಿ ಕಳಿಸ್ತಾನೆ.

ನೀನು ನಗ್ತಾ ಇಲ್ಲ.

ಅದು ಹೊಸದು. ಹಿಮ ಹಾರದ ಹಾಗೆ ಹಿಂದೆ ತಡೆಯೋ ರಬ್ಬರ್ ಪರದೆ, ಹೌದು, ಹೊಸದು. ಹಳೇದು ಕೊಳಕಾಗಿತ್ತು. ಹಿಂದಿನ ಹಿಡಿಕೆನೂ ಹೊಸದು. ಏನು, ನನ್ನ ವಾರದಲ್ಲಿ ನಾನು ಸ್ವಲ್ಪ ಚೆಂದ ಮಾಡಬಾರದಾ? ನೀನು ನಿನ್ನ ವಾರದಲ್ಲಿ ಸೀಟಿನ ಮೇಲೆ ಸಾಂಬಾರ್ ಚೆಲ್ಲಿದ್ದಕ್ಕೆ ನಾನು ವಿಚಾರಣೆ ಮಾಡಿದ್ನಾ? ಇಡೀ ಬೆಟ್ಟ ಇಂಗಿನ ವಾಸನೆ ಹೊಡೀತಿತ್ತು, ಹಿಮಸಾರಂಗ ಎಲ್ಲಾ ನನ್ನನ್ನ ನೋಡಿ ಓಡಿಹೋದ್ವು, ಒಂದು ಮಾತಾಡಿದ್ನಾ?

ಆದರ್ಶ, ಹನ್ನೆರಡಾಗ್ತಾ ಬಂತು ಕಣೋ. ಹೊರಡೋಣ. ನೂರಾ ಎಪ್ಪತ್ನಾಲ್ಕು ಬೇಡ ಅಂದ್ರೆ ನೂರಾ ಅರವತ್ತೈದು ತಗೊಳ್ಳೋಣ, ನಿಂದೂ ಬೇಡ ನಂದೂ ಬೇಡ. ನಾನು ಇಷ್ಟು ಇಳಿದು ಬರ್ತಿರೋದು ನೋಡಿದ್ರೆ ನಿಮ್ಮಮ್ಮ ದೃಷ್ಟಿ ತೆಗೀತಾರೆ. ಅಂಗಡಿಯವನಿಗೆ ಫೋನ್ ಮಾಡಿ ತೆಗೆದಿಡಿ ಅಂತ ಹೇಳ್ತೀನಿ... ಏನು? ಹಿಡ್ಕೋಬೇಕಾ? ಈ ಬಾಗಿರೋ ಹಳಿನಾ? ಬಿಚ್ಚಿಬಿಟ್ಟಿದೀಯಾ ಆಗಲೇ! ಸರಿ, ಕೊಡು, ಒಂದು ತುದಿ ನಾನು ಹಿಡ್ಕೊಳ್ತೀನಿ, ಕಾರಿಗೆ ಹಾಕೋಣ, ಅಳತೆ ತೋರಿಸೋಕೆ ಬೇಕಾಗತ್ತೆ.

ಎಡಗೈಯಲ್ಲೇ ಹಿಡ್ಕೊಳ್ತೀನಿ ಬಿಡೋ. ಏನಾಗತ್ತೆ? ಬಲಗೈಯಲ್ಲಿ... ಫ್ಲಾಸ್ಕಿದೆ ನೋಡು.

ಇಟ್ಟೆ ಫ್ಲಾಸ್ಕು. ಆಯ್ತಾ? ಯಾಕೆ ಹಾಗೇ ನಿಂತಿದೀಯ? ನಡಿ. ನಡಿ ಅಂದ್ರೆ! ...ಎರಡು ಕೈಯಲ್ಲೂ ಹಿಡೀಬೇಕಾ? ಹಿಡೀತೀನಪ್ಪಾ. ಏನು ಮಹಾ, ಒಂದು ಹಳಿ ಹಿಡಿಯೋಕೆ ನಾನು... ಆ...

ಆ!... ಅಯ್ಯೋ... ಅಮ್ಮಾ...

ಏನಿಲ್ಲ. ಏನಿಲ್ಲ ಕಣೋ, ಕೈ ಜಾರ್ತು. ನಿನ್ನ ಕಾಲಿನ ಮೇಲೆ ಬಿತ್ತಾ? ಇಲ್ಲ ತಾನೆ? ನನ್ನ ಗ್ಲೌಸು ಎಣ್ಣೆ ಎಣ್ಣೆ ಆಗಿತ್ತು, ಅದಕ್ಕೆ. ಹತ್ರ ಬರಬೇಡ. ಅಲ್ಲೇ ನಿಲ್ಲು. ಒಂದು ನಿಮಿಷ. ಉಸಿರು ತಗೊಳ್ಳೋಕೆ ಬಿಡು... ಹೂಂ. ಸರಿಹೋಯ್ತು. ನೋಡು, ನಗ್ತಿದೀನಿ.

ಏನಾದ್ರೂ ಮಾತಾಡು.

ಬೈಯಾದ್ರೂ ಬೈ.

ಹೀಗೆ ಸುಮ್ನೆ ನಿಂತ್ರೆ ನನಗೆ ಏನು ಮಾಡ್ಬೇಕು ಅಂತಾನೇ ಗೊತ್ತಾಗಲ್ಲ ಕಣೋ. ಎಂಟು ವರ್ಷ ಅದೇ ತಾನೆ ಆಗಿದ್ದು. ನೀನು ಸುಮ್ನೆ ನಿಲ್ತಿದ್ದೆ, ಆ ಖಾಲಿ ಜಾಗಕ್ಕೆ ನಾನು ಮಾತು ತುಂಬ್ತಾ ತುಂಬ್ತಾ, ಕೊನೆಗೆ ಹೇಳಬಾರದ್ದೂ ಎಲ್ಲಾ ಹೇಳ್ಬಿಡ್ತಿದ್ದೆ. ಈಗಲೂ ಹೇಳಿಸ್ತೀಯಾ? ಹೇಳಿಸಲೇಬೇಕಾ?

ಕಲ್ಲಿರಲಿಲ್ಲ.

ಬೊಡ್ಡೆನೂ ಇರಲಿಲ್ಲ. ಚಾಮುಂಡಿ.

ಹೌದು, ನಮ್ಮ ಚಾಮುಂಡಿ ಬೆಟ್ಟನೇ. ಆ ಗುಡ್ಡಕ್ಕೆ ಹೆಸರಿಟ್ಟವನು ನೀನೇ ಅಲ್ವಾ, ಮೊದಲ ವರ್ಷ, ಕೆಳಗೆ ನಿಂತು, "ಮೈಸೂರಿನ ಮೆಟ್ಟಿಲು ಇಲ್ಲೂ ಇದ್ದಿದ್ರೆ ಚೆನ್ನಾಗಿತ್ತು" ಅಂತ. ಇಬ್ರೂ ಎಷ್ಟು ಸಲ ಪ್ರಯತ್ನ ಪಟ್ವಿ, ಮುಕ್ಕಾಲು ಭಾಗಕ್ಕೇ ಗಾಡಿ ಹೂತುಹೋಗ್ತಿತ್ತು. ಮಂಗಳವಾರ ಹೊಸ ಹಿಮ ಬಿದ್ದಿತ್ತು. ಮೊಣಕಾಲು ಮುಳುಗೋವಷ್ಟು, ಪುಡಿ, ಬಿಸಿಲು ಬೇರೆ. ನಾನು ಮಧ್ಯಾಹ್ನಕ್ಕೇ ಕೆಲಸ ಮುಗಿಸಿ ಹೊರಟೆ. ಒಬ್ಬಳೇ. ಗೊತ್ತು, ಒಬ್ಬರೇ ಹೋಗಬಾರದು. ಲೈಸೆನ್ಸ್ ಕ್ಲಾಸಲ್ಲಿ ಮೊದಲನೇ ದಿನ ಹೇಳಿದ್ದು ಅದೇ. ಆದ್ರೆ ಮೇಲೆ ಹತ್ತಿ, ಅಲ್ಲಿಂದ ಒಂದು ಫೋಟೋ ತೆಗೆದು ನಿನಗೆ ಕಳಿಸ್ಬೇಕು ಅಂತಿತ್ತು ಕಣೋ. ಏನೂ ಬರೀದೆ. ಬರೀ ಫೋಟೋ. ನೀನು ಕಿಸ್ಟಾದಲ್ಲಿ ಯಾವುದೋ ಸ್ಪ್ರಿಂಟ್ ಪ್ಲಾನಿಂಗ್ ಮೀಟಿಂಗಲ್ಲಿ ಕೂತಿರ್ತೀಯ, ಅದು ಟಿಂಗ್ ಅನ್ನತ್ತೆ, ನಿನ್ನ ಹೊಟ್ಟೆ ಉರಿಯತ್ತೆ... ಅಷ್ಟೇ. ಇಷ್ಟಕ್ಕೇ.

ಚೆನ್ನಾಗೇ ಹತ್ತಿದೆ. ನಾವು ಹೂತುಹೋಗೋ ಜಾಗ ದಾಟ್ದೆ. ನಾನೇ ಜೋರಾಗಿ ಕೂಗ್ದೆ, ಹೆಲ್ಮೆಟ್ ಒಳಗೆ. ಆಮೇಲೆ ಬೆಲ್ಟು ಅಗೆಯೋಕೆ ಶುರು ಮಾಡ್ತು. ಹಿಂದೆ ಕೆಳಗೆ ಹೋಯ್ತು, ಮೂತಿ ಎದ್ದಿತು. ಎದ್ದಿತು, ಎದ್ದಿತು... ಕೊನೇಲಿ ಮೂತಿ ಎಲ್ಲಿದೆ, ಸೂರ್ಯ ಎಲ್ಲಿದಾನೆ ಅಂತ ಗೊತ್ತಾಗ್ಲಿಲ್ಲ. ಗಾಡಿ ಹಿಂದಕ್ಕೆ ಮಗುಚ್ಕೊಂಡು, ಹಿಂದಿನ ತುದಿ ಊರಿ, ನನ್ನ ಮೇಲೇ ಬಂತು.

ನೋವು ತಕ್ಷಣಕ್ಕೆ ಆಗ್ಲಿಲ್ಲ ಗೊತ್ತಾ? ಅದೇ ವಿಚಿತ್ರ. ಮೆತ್ತಗಿತ್ತು. ಹಿಮ ಮೆತ್ತಗೆ, ಮೇಲೆ ಗಾಡಿ ಮಾತ್ರ ಗಟ್ಟಿ. ಬಲಗೈ, ಬಲಗಾಲು ಕೆಳಗೆ. ಎಂಜಿನ್ ನಿಂತುಹೋಯ್ತು. ಆಮೇಲೆ ಎಷ್ಟು ನಿಶ್ಶಬ್ದ ಅಂತೀಯ... ನಿನ್ನ ಜೊತೆ ಊಟ ಮಾಡಿದ ಹಾಗೆ.

ತಪ್ಪಾಯ್ತು. ತಮಾಷೆ ಮಾಡ್ದೆ.

ಫೋನ್ ಎದೆ ಜೇಬಲ್ಲಿತ್ತು. ಎಡಗೈ ಆಡ್ತಿತ್ತು. ತೆಗೆದೆ. ಒಂದು ಕಡ್ಡಿ ಸಿಗ್ನಲ್. ಆಂಬ್ಯುಲೆನ್ಸಿಗೆ ನೂರಾ ಹನ್ನೆರಡು ಒತ್ತಬೇಕು. ಅದು ಸಣ್ಣ ಮಕ್ಕಳಿಗೂ ಗೊತ್ತು, ಡಾಗಿಸಲ್ಲಿ, ಶಿಶುವಿಹಾರದಲ್ಲೇ ಹೇಳ್ಕೊಡ್ತಾರೆ. ನಾನು...

ನಿನಗೆ ಮಾಡ್ದೆ.

ಹೂಂ. ಮಂಗಳವಾರ ಮಧ್ಯಾಹ್ನ. ನಿನಗೆ ಬಂತಲ್ಲ, ಅದೇ ಫೋನ್ ಕಾಲ್.

ನಾವೇ ಮಾಡ್ಕೊಂಡ ಒಪ್ಪಂದ ಅಲ್ವಾ, ಒಬ್ಬರ ವಾರದಲ್ಲಿ ಇನ್ನೊಬ್ಬರು ತಲೆಹಾಕೋ ಹಾಗಿಲ್ಲ, ಫೋನೂ ಮಾಡೋ ಹಾಗಿಲ್ಲ ಅಂತ. ನಾನೇ ಹಠ ಮಾಡಿ ಮಾಡ್ಸಿದ್ದು. ನಾನೇ ಮುರಿದೆ. ತುಂಬಾ ಹೊತ್ತು ರಿಂಗ್ ಆಯ್ತು. ನಿಂತ್ಮೇಲೆ ಒಂದು ಮೆಸೇಜ್ ಬಂತು, "ಅರ್ಜೆಂಟಾ?" ಅಂತ. ನಾನು ಎಡಗೈ ಹೆಬ್ಬೆಟ್ಟಲ್ಲಿ, ಹಿಮದಲ್ಲಿ ಮಲಕ್ಕೊಂಡು ಟೈಪ್ ಮಾಡ್ದೆ, "ಇಲ್ಲ, ತಪ್ಪಾಗಿ ಬಂತು". ನೆಟ್ಟಗೆ ಟೈಪ್ ಮಾಡ್ದೆ, ಒಂದು ಸ್ಪೆಲಿಂಗ್ ತಪ್ಪಿಲ್ಲ. ಅಷ್ಟು ಕೊಬ್ಬು ನೋಡು ನನಗೆ!

ನೀನು ಮೀಟಿಂಗಲ್ಲಿದ್ದೆ ಬಿಡು. ಆ ಹೊತ್ತಲ್ಲಿ ನಿನಗೆ ಯಾವಾಗಲೂ ಮೀಟಿಂಗ್ ಇರತ್ತೆ, ನನಗೆ ಗೊತ್ತಿಲ್ವಾ? ಮೀಟಿಂಗಲ್ಲಿ ಹೇಗೆ ಫೋನ್ ಎತ್ತೋಕಾಗತ್ತೆ...

ಮೀಟಿಂಗಲ್ಲಿದ್ದೆ ಅಲ್ವಾ?

ಆದರ್ಶ?

...ಇರಲಿಲ್ವಾ.

ಓ.

ಕೈಯಲ್ಲೇ ಇತ್ತಾ ಫೋನು? ರಿಂಗ್ ಆಗೋದನ್ನ ನೀನು ನೋಡ್ತಾ ಕೂತಿದ್ದೆ.

ಸರಿ. ಹಾಗೆ ಮುಖ ಮುಚ್ಕೋಬೇಡ. ಕೈ ತೆಗಿ, ಎಣ್ಣೆ ಆಗಿದೆ ನಿನ್ನ ಕೈ, ಮುಖಕ್ಕೆಲ್ಲಾ ಹತ್ತತ್ತೆ. ಕೇಳಿಲ್ಲಿ. ನಿನ್ನ ವಾರದಲ್ಲಿ ನಿನ್ನ ಫೋನ್ ಬಂದಿದ್ರೆ ನಾನೂ ಎತ್ತುತ್ತಿರಲಿಲ್ಲ. ನಿಜವಾಗ್ಲೂ. "ನೋಡು, ಅವನೇ ಮೊದಲು ಸೋತ" ಅಂತ ಖುಷಿ ಪಟ್ಟು, ಕೇಕ್ ತಿಂತಿದ್ದೆ. ನಿನಗಿಂತ ನಾನೇ ಕೆಟ್ಟವಳು, ಸ್ಪೆಲಿಂಗ್ ಮಾತ್ರ ಚೆನ್ನಾಗಿದೆ.

ಆಮೇಲೆ ಏನೂ ಆಗ್ಲಿಲ್ಲ. ಎಡಗೈಯಲ್ಲಿ ಅಗೆದೆ. ಬೆನ್ನ ಕೆಳಗಿನ ಹಿಮ, ಕಾಲ ಕೆಳಗಿನ ಹಿಮ, ಸ್ವಲ್ಪ ಸ್ವಲ್ಪ ಗೀರಿ ಗೀರಿ, ಇಲಿ ಥರ. ಹಿಮ ಗಟ್ಟಿ ಇದ್ದಿದ್ರೆ ಆಗ್ತಿರಲಿಲ್ಲ. ಪುಡಿ ಇತ್ತು, ಬಿಟ್ಕೊಡ್ತು. ಕಾಲು ಬಂತು, ಆಮೇಲೆ ಬೂಟು, ಕೊನೆಗೆ ಕೈ. ಬೆಟ್ಟದಿಂದ ಕೂತ್ಕೊಂಡೇ ಜಾರ್ಕೊಂಡು ಬಂದೆ, ಮಕ್ಕಳು ಜಾರುಬಂಡೆ ಇಳಿಯೋ ಥರ. ಗಾಡೀನ ಬೆರ್ಟಿಲ್ ತಾತ ಮರುದಿನ ಎಳೆದು ತಂದ್ರು. ನಿನಗೆ ಹೇಳಬೇಡಿ ಅಂದೆ. ಅವರು ತಲೆ ಆಡಿಸಿದ್ರು. ಅವರೂ ನಿನ್ನ ಪೈಕಿನೇ, ಬಾಯಿ ಬಿಟ್ರೆ ಮುತ್ತು ಉದುರಿ ನಷ್ಟ ಆಗತ್ತೆ.

ಡಾಕ್ಟ್ರ ಹತ್ರ ಯಾಕೆ ಹೋಗ್ಲಿಲ್ಲ ಅಂದ್ರೆ... ಹೋದ್ರೆ ಹೇಳ್ಬೇಕಾಗತ್ತಲ್ಲ, ಏನಾಯ್ತು ಅಂತ. ಹೇಳಿದ್ರೆ ಅದು ಆಗಿದ್ದು ನಿಜ ಆಗ್ಬಿಡತ್ತೆ. ಆಲ್ವೆಡಾನ್ ಅಂತ ನೋವಿನ ಮಾತ್ರೆ ನುಂಗಿದೆ, ಇಲ್ಲಿಯವರು ಎಲ್ಲದಕ್ಕೂ ಅದನ್ನೇ ತಾನೆ ನುಂಗೋದು. ರಾತ್ರಿ ಮಲಗಿದ್ರೆ ಮಂಚ ಹಿಂದಕ್ಕೆ ಮಗುಚತ್ತೆ. ಕಣ್ಣು ಮುಚ್ಚಿದ್ರೆ ಆ ಮೂತಿ ಏಳತ್ತೆ. ನನಗೆ ಭಯ ಆಗ್ತಿದೆ ಕಣೋ. ಅದೇ ವಿಷಯ. ಲೆಕ್ಕ, ಕೋನ, ತೂಕ ಅಂತ ಬೆಳಗ್ಗೆಯಿಂದ ಪುರಾಣ ಹೇಳಿದ್ನಲ್ಲ... ಹಳಿ ಉದ್ದ ಆದ್ರೆ ಗಾಡಿ ಹಿಂದಕ್ಕೆ ಮಗುಚಲ್ಲ, ಭಯ ಕಮ್ಮಿ ಆಗತ್ತೆ ಅಂದ್ಕೊಂಡೆ.

ಏನು, ಕೀ ಎಲ್ಲಿ? ಕಾರಿನ ಕೀನಾ? ನಿನ್ನ ಜೇಬಲ್ಲೇ ಇದೆ, ನೀನೇ ತಾನೆ ಸ್ಟೇಷನ್ನಲ್ಲಿ ಬಾಡಿಗೆಗೆ ತಗೊಂಡು ಬಂದಿದ್ದು. ಸರಿ, ಸರಿ, ಬರ್ತೀನಿ, ಎಳೀಬೇಡ. ಎಡಗೈ ಹಿಡಿ. ಹಾಂ. ಹಳಿ ಹಾಕ್ಕೊಳ್ಳಲ್ವಾ? ಅಳತೆ ತೋರಿಸ್ಬೇಕಲ್ಲೋ ಅಂಗಡೀಲಿ! ...ಬಿಟ್ಟೇಬಿಟ್ಯಾ ಅಲ್ಲೇ. ಗ್ಯಾರೇಜ್ ಬಾಗಿಲಾದ್ರೂ ಹಾಕು.

ಸೀಟ್ ಬೆಲ್ಟ್ ನಾನೇ ಹಾಕ್ಕೊಳ್ತೀನಿ... ಆಗ್ತಿಲ್ಲ. ಹಾಕು.

ನಿಧಾನಕ್ಕೆ ಹೋಗು, ರಸ್ತೆ ಗಾಜಿನ ಹಾಗಿದೆ. ಬಸ್ಸಲ್ಲಿ ಯಾಕೆ ಬಂದೆ ಅಂತ ಬೆಳಗ್ಗೆ ಹುಬ್ಬಲ್ಲೇ ಕೇಳಿದ್ಯಲ್ಲ, ಈಗ ಗೊತ್ತಾಯ್ತಾ? ಸ್ಟೀರಿಂಗ್ ತಿರುಗಿಸೋಕಾಗಲ್ಲ. ಕೂದಲು ಬಾಚೋಕಾಗಲ್ಲ. ಚಪಾತಿ ಲಟ್ಟಿಸೋಕಾಗಲ್ಲ, ಅದೊಂದು ಲಾಭ. ನೂರಾ ಅರವತ್ತೈದೇ ತಗೊಳ್ಳೋಣ ಅಂತ ಕಾಣತ್ತೆ. ನೀನೇನಂತೀಯ? ಕಪಲ್ಡೋ ಅನ್‌ಕಪಲ್ಡೋ ಆಮೇಲೆ ನೋಡೋಣ. ಮುಂದಿನ ಸರ್ಕಲ್ಲಲ್ಲಿ ಎಡಕ್ಕೆ. ಅಂಗಡಿ ಬೋರ್ಡ್ ಕಾಣ್ತಿದೆ ನೋಡು, ಕೆಂಪು... ಎಡಕ್ಕೆ ಕಣೋ. ಎಡಕ್ಕೆ! ಆದರ್ಶ! ದಾಟ್‌ಹೋಯ್ತು!

ಇನ್ನರ್ಧ ಗಂಟೇಲಿ ಮುಚ್ಚತ್ತೆ, ಎಲ್ಲಿಗೆ ಹೊರಟೆ...

ಓ.

ಆಸ್ಪತ್ರೆ ದಾರಿ.

ಬೇಡ ಅಂದ್ರೂ ಕೇಳಲ್ಲ ನೀನು ಇವತ್ತು. ಸರಿ ನಡಿ. ಎಕ್ಸ್‌ರೇ ತೆಗೀಲಿ. ಮುರಿದಿರಲ್ಲ ಅಂದ್ಕೊಳ್ತೀನಿ, ಆದ್ರೆ ನನ್ನ ಅಂದಾಜು ಈಚೆಗೆ ಅಷ್ಟೇನೂ ಚೆನ್ನಾಗಿಲ್ಲ. ತುಂಬಾ ಹೊತ್ತು ಕಾಯಿಸ್ತಾರೆ. ಕಾಯ್ತೀಯಾ? ನಿನ್ನ ಟ್ರೈನು... ಸರಿ.

ಅಲ್ಲಿ ಕೌಂಟರಲ್ಲಿ ನನ್ನ ಪರ್ಸೂನ್‌ನುಮ್ಮರ್, ಅದೇ ಇಲ್ಲಿಯ ಆಧಾರ್ ನಂಬರ್ ಕೇಳ್ತಾರೆ, ಅದು ನಾನು ಹೇಳ್ತೀನಿ. ಆಮೇಲೆ ನಿನ್ನ ಕಡೆ ನೋಡಿ, ನೀವು ಇವರಿಗೆ ಏನಾಗ್ಬೇಕು ಅಂತಾರೆ. ಏನಂತೀಯ? ಗಂಡ ಅನ್ನೋ ಹಾಗಿಲ್ಲ. ಮಾಜಿ ಗಂಡ ಅಂದ್ರೆ, ಇವನೇ ಕೈ ಮುರಿದ ಅಂದ್ಕೊಂಡು ಪೊಲೀಸರನ್ನ ಕರೀತಾರೆ. ಸ್ಕೂಟರ್ ಪಾರ್ಟ್‌ನರ್ ಅಂದ್ರೆ ತಲೆಗೂ ಎಕ್ಸ್‌ರೇ ತೆಗೀತಾರೆ... ನಗು, ನಗು. ಪರವಾಗಿಲ್ಲ, ನಗು. ಒಂದು ಮಾತಿದೆ ಇಲ್ಲಿಯವರ ಹತ್ರ, ಆನ್‌ಹೋರಿಗ್ ಅಂತ. ಗಂಡ ಹೆಂಡತಿನೇ ಆಗಿರಬೇಕು ಅಂತಿಲ್ಲ. ಹತ್ತಿರದವರು ಅಂತ ಅಷ್ಟೇ. ಏನಾದ್ರೂ ಆದಾಗ ಫೋನ್ ಮಾಡಬೇಕಾದವರು. ಅದು ಹೇಳು.

ಹೇಳ್ತೀಯಾ?

ಬರೀ ತಲೆ ಆಡಿಸಿದ್ರೆ ಆಗಲ್ಲ ಕಣೋ. ಅಲ್ಲಿ ಬಾಯಿಬಿಟ್ಟು ಹೇಳ್ಬೇಕು.